ಸಾಲಿಗಿಬ್ಬರು

ಹುಲ್ಲಪ್ಪ ಎಂಬುದು ಅವನ ಹೆಸರಲ್ಲ. ಹೊಲಕ್ಕೆ ಕಳೆ ಔಷಧಿ ಹೊಡೆಯುವುದನ್ನು ಬಿಟ್ಟ ಮೊದಲ ವರ್ಷ ಅವನ ಕೋಸಿನ ಸಾಲುಗಳಲ್ಲಿ ಕೋಸಿಗಿಂತ ಹುಲ್ಲೇ ಎತ್ತರ ಬೆಳೆದು ನಿಂತಾಗ ಪಕ್ಕದ ಹೊಲದವರು ಇಟ್ಟ ಹೆಸರು. ತಮಾಷೆಗೆ ಇಟ್ಟರು, ಅಂಟಿಕೊಂಡಿತು. ಈಗ ಕಿರಾಣಿ ಅಂಗಡಿಯವನೂ ಹುಲ್ಲಪ್ಪ ಎನ್ನುತ್ತಾನೆ. ಬೀಗರು ಮಾತ್ರ ಎದುರಿಗೆ ಹಾಗೆ ಅನ್ನುವುದಿಲ್ಲ, ಅಷ್ಟು ಅವರ ದೊಡ್ಡತನ.

ವಯಸ್ಸು ಅರವತ್ತರ ಹತ್ತಿರ. ಭೂಮಿ ಒಂದೂವರೆ ಎಕರೆ, ಅದರಲ್ಲಿ ಕೋಸು, ಹುರುಳಿಕಾಯಿ, ಒಂದಿಷ್ಟು ಮೂಲಂಗಿ. ಮನೆಯಲ್ಲಿ ನಾಲ್ಕು ಜನ. ಹೆಂಡತಿ ಊರ ಹೊರಗಿನ ತರಕಾರಿ ಪ್ಯಾಕಿಂಗ್ ಶೆಡ್ಡಿಗೆ ಹೋಗುತ್ತಾಳೆ, ಮಗ ಹಾಲಿನ ವ್ಯಾನು ಓಡಿಸುತ್ತಾನೆ, ಸೊಸೆ ಬಟ್ಟೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುತ್ತಾಳೆ. ಬೆಳಗಾದರೆ ಊಟದ ಡಬ್ಬಿಗಳ ಮುಚ್ಚಳ ಟಪ್ ಟಪ್ ಅಂದು ಮೂವರೂ ಮೂರು ದಿಕ್ಕಿಗೆ. ಆಮೇಲೆ ಸಂಜೆಯವರೆಗೆ ಅವನ ಜೊತೆ ಮಾತಾಡುವ ಒಂದು ನರಪಿಳ್ಳೆ ಇಲ್ಲ. ಹಾಳೂರಿಗೆ ಉಳಿದವನೇ ಗೌಡ ಅನ್ನುತ್ತಾರಲ್ಲ, ಹಾಗೆ ಅವನು ಮನೆಗೂ ಹೊಲಕ್ಕೂ ಯಜಮಾನ.

ಔಷಧಿ ಯಾಕೆ ಬಿಟ್ಟೆ ಎಂದು ಕೇಳಿದವರಿಗೆಲ್ಲ ಅವನು ಒಂದೊಂದು ಉತ್ತರ ಕೊಡುತ್ತಿದ್ದ. ಪಕ್ಕದ ಹೊಲದವನಿಗೆ, ಮಣ್ಣು ಇಟ್ಟಿಗೆ ಥರ ಆಗಿಹೋಗಿತ್ತು ಎಂದ. ಮಗನಿಗೆ, ಪೇಟೆಯಲ್ಲಿ ಒಬ್ಬ ವ್ಯಾಪಾರಿ ಇಂಥ ತರಕಾರಿಗೆ ಒಳ್ಳೆಯ ಬೆಲೆ ಕೊಡುತ್ತಾನೆ ಎಂದ. ಅಂಗಡಿಯವನಿಗೆ, ಔಷಧಿಯ ವಾಸನೆಗೆ ತಲೆನೋವು ಬರುತ್ತದೆ ಎಂದ. ಯಾವುದೂ ಪೂರಾ ಸುಳ್ಳಲ್ಲ, ಆದರೆ ಯಾವುದೂ ನಿಜವಾದ ಕಾರಣವೂ ಅಲ್ಲ. ನಿಜವಾದ ಕಾರಣ ಹೇಳಿಕೊಳ್ಳಲು ಅವನಿಗೆ ನಾಚಿಕೆ. ಅದು ಇಷ್ಟೇ: ಅವನಿಗೆ ಹೊಲದಲ್ಲಿ ಒಬ್ಬನೇ ಇರಲು ಆಗುತ್ತಿರಲಿಲ್ಲ.

ಮೊದಲು ಹೀಗಿರಲಿಲ್ಲ. ಕಳೆ ಕೀಳುವ ದಿನಗಳಲ್ಲಿ ಗಂಡ ಹೆಂಡತಿ ಒಂದೇ ಸಾಲಿನ ಆಚೆಗೊಬ್ಬರು ಈಚೆಗೊಬ್ಬರು ಕುಕ್ಕರುಗಾಲಲ್ಲಿ ಕೂತು, ಕೈಯಲ್ಲಿ ಕಳೆ ಕೆತ್ತುವ ಕುರ್ಚಿಗೆಯೊಂದನ್ನು ಹಿಡಿದು, ಒಟ್ಟಿಗೆ ಮುಂದೆ ಮುಂದೆ ಸರಿಯುತ್ತಿದ್ದರು. ಬೇರೆಯವರು ಒಬ್ಬೊಬ್ಬರಿಗೆ ಒಂದೊಂದು ಸಾಲು ಹಂಚಿಕೊಳ್ಳುತ್ತಾರೆ, ಕೆಲಸ ಬೇಗ ಮುಗಿಯುತ್ತದೆ. ಇವರದು ಸಾಲಿಗಿಬ್ಬರು. ನಡುವೆ ಕೋಸಿನ ಗಿಡ, ಅದರ ಮೇಲಿಂದ ಮಾತು. ಮಗನನ್ನು ಯಾವ ಶಾಲೆಗೆ ಹಾಕುವುದು, ಸೋರುವ ಚಾವಣಿಗೆ ಏನು ಮಾಡುವುದು, ಯಾವ ಹುಡುಗಿಯನ್ನು ಸೊಸೆ ಮಾಡಿಕೊಳ್ಳುವುದು, ಎಲ್ಲ ತೀರ್ಮಾನವಾದದ್ದು ಆ ಸಾಲುಗಳಲ್ಲೇ. ಜಗಳವೂ ಅಲ್ಲೇ. ಸಾಲಿನ ಈ ತುದಿಯಲ್ಲಿ ಶುರುವಾದ ಜಗಳ ಆ ತುದಿ ಮುಟ್ಟುವಷ್ಟರಲ್ಲಿ ಮುಗಿದಿರುತ್ತಿತ್ತು.

ಆಮೇಲೆ ಹೆಂಡತಿಗೆ ಬೆನ್ನುನೋವು ಬಂತು. ಅವನು ಪೇಟೆಗೆ ಹೋಗಿ ಬೆನ್ನಿಗೆ ಕಟ್ಟುವ ಪಂಪು, ಕಳೆ ಔಷಧಿ ತಂದ. "ಇನ್ನು ನೀನು ಬಗ್ಗೋದು ಬೇಡ" ಎಂದ. ಇಬ್ಬರೂ ವಾರವೆಲ್ಲ ಮಾಡುತ್ತಿದ್ದ ಕೆಲಸ ಒಂದು ಬೆಳಗ್ಗೆಯಲ್ಲಿ ಮುಗಿಯಿತು. ಅವಳು ಬದುವಿನ ಮೇಲೆ ನಿಂತು ನೋಡಿದಳು, ಏನೂ ಹೇಳಲಿಲ್ಲ. ಸಂತೋಷವಾಗಿರಬೇಕು ಎಂದುಕೊಂಡ. ಕೆಲವು ತಿಂಗಳಲ್ಲಿ ಅವಳು ಶೆಡ್ಡಿಗೆ ಸೇರಿದಳು. ಬರುವ ಸಂಬಳ ಮನೆಗೆ ಆಸರೆಯಾಯಿತು. ಅವನು ಪಂಪು ಹೊತ್ತು ಒಬ್ಬನೇ ಓಡಾಡಿದ. ವರ್ಷಗಳು ಹೋದವು.

ಹುಲ್ಲು ಬಂದರೆ ಜನ ಬರುತ್ತಾರೆ. ಇದು ಹುಲ್ಲಪ್ಪನ ಲೆಕ್ಕಾಚಾರ, ಬೇರೆ ಶಾಸ್ತ್ರ ಅವನಿಗೆ ಗೊತ್ತಿರಲಿಲ್ಲ. ಔಷಧಿ ಬಿಟ್ಟ ಮೊದಲ ವರ್ಷ ಲೆಕ್ಕ ಸರಿಹೋಯಿತು. ಗೊಣಗುತ್ತಲಾದರೂ ಭಾನುವಾರ ಮೂವರೂ ಬಂದರು. ಸೊಸೆ ಹುಲ್ಲಿನ ಜೊತೆ ನಾಲ್ಕು ಕೋಸಿನ ಸಸಿಯನ್ನೂ ಕಿತ್ತಳು, ಮಗ ನಕ್ಕ, ಬದುವಿನ ಮೇಲೆ ಕೂತು ಎಲ್ಲರೂ ರೊಟ್ಟಿ ತಿಂದರು. ಎರಡನೆಯ ವರ್ಷ ಹುಲ್ಲು ಬಂತು, ಜನ ಬರಲಿಲ್ಲ. ಹೆಂಡತಿಗೆ ಭಾನುವಾರವೂ ಕೆಲಸ, ಮಗನಿಗೆ ವ್ಯಾನಿನ ರಿಪೇರಿ, ಸೊಸೆಗೆ ಮನೆಗೆ ತಂದ ಹೊಲಿಗೆ. ಹುಲ್ಲಪ್ಪ ಒಬ್ಬನೇ ಕುಕ್ಕರುಗಾಲಲ್ಲಿ ಸರಿದ. ಮಣ್ಣು ಮಾತ್ರ ಮೆತ್ತಗಾಗುತ್ತಾ ಬಂತು. ಹಿಡಿ ಹುಲ್ಲು ಕಿತ್ತರೆ ಬೇರಿನ ಜೊತೆ ಎರೆಹುಳು ಬರುತ್ತಿತ್ತು. ಅದನ್ನು ಕಂಡರೆ ಅವನಿಗೆ ಖುಷಿ. ಆದರೆ ಯಾರಿಗೆ ತೋರಿಸುವುದು?

ಈ ವರ್ಷ ಕೋಸು ನೆಟ್ಟು ಮೂರು ವಾರವಾದಾಗ, ರಾತ್ರಿ ಊಟಕ್ಕೆ ಕೂತವನು ಮೆಲ್ಲಗೆ ಮಾತು ತೆಗೆದ.

"ಈ ಭಾನುವಾರ ಯಾರ್ಯಾರು ಬರ್ತೀರ ಹೊಲಕ್ಕೆ?"

ಮಗ ರೊಟ್ಟಿ ಮುರಿಯುತ್ತಾ, "ಅಪ್ಪ, ವಾರದಲ್ಲಿ ಒಂದು ದಿನ ನಿದ್ದೆ ಮಾಡ್ತೀನಿ. ಅದನ್ನೂ ಕಿತ್ಕೋಬೇಡಿ" ಎಂದ.

"ಅರ್ಧ ದಿನ ಬಂದ್ರೆ ಸಾಕು."

"ಅರ್ಧ ದಿನದಲ್ಲಿ ಏನಾಗುತ್ತೆ? ಪಂಪು ಅಟ್ಟದ ಮೇಲೆ ಧೂಳು ತಿಂತಾ ಇದೆ. ಒಂದು ಬೆಳಗ್ಗೆ ಹೊಡೆದ್ರೆ ಮುಗೀತು. ಇರೋ ಸುಖ ಬಿಟ್ಟು ಇಲ್ಲದ ಕಷ್ಟ ತಂದ್ಕೊಂಡು, ಆಮೇಲೆ ನಮ್ಮನ್ನ ಕರೀತೀರ."

"ಕೂಲಿಗೆ ಯಾರನ್ನಾದ್ರೂ ಇಟ್ಕೊಳ್ಳಿ ಮಾವ" ಎಂದಳು ಸೊಸೆ, ಪಾಪ, ಒಳ್ಳೆಯ ಮನಸ್ಸಿನಿಂದಲೇ. "ನನ್ನ ಹೊಲಿಗೆ ದುಡ್ಡಲ್ಲಿ ಕೊಡೋಣ."

"ಕೂಲಿಯವರು ಬೇಡ."

"ಕೂಲಿಯವರೂ ಬೇಡ, ಔಷಧಿನೂ ಬೇಡ" ಎಂದಳು ಹೆಂಡತಿ. "ಹಿಡಿದ ಮೊಲಕ್ಕೆ ಮೂರೇ ಕಾಲು. ನಿಮ್ಮ ಮಂಡಿ ಏನು ಕಬ್ಬಿಣದ್ದಾ?"

ಆಗ ಅವಳಿಗೆ ನೀನು ಬಾ ಎಂದು ಒಂದು ಮಾತು ಅಂದಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತೇನೋ. ಅವನು ಅನ್ನಲಿಲ್ಲ. ತಟ್ಟೆ ತೊಳೆದಿಟ್ಟು ಹೊರಗೆ ಹೋಗಿ ಜಗಲಿಯ ಮೇಲೆ ಕೂತ. ಒಳಗೆ ಮೂವರೂ ಏನೋ ಮಾತಾಡಿಕೊಂಡು ನಗುತ್ತಿದ್ದರು. ಅವನ ವಿಷಯವಾಗಿ ಅಲ್ಲ. ಆದರೂ ಅವನಿಗೆ ಅಳು ಬಂದಂತಾಯಿತು.

ಮುಂದಿನ ವಾರ ಕೃಷಿ ಕಚೇರಿಯ ಹುಡುಗಿಯೊಬ್ಬಳು ಸ್ಕೂಟರಿನಲ್ಲಿ ಬಂದಳು. ಔಷಧಿ ಬಿಟ್ಟ ಸಣ್ಣ ರೈತರನ್ನು ಹುಡುಕಿಕೊಂಡು ಊರೂರು ತಿರುಗುತ್ತಿದ್ದಳು. ಆ ದಿನ ಶೆಡ್ಡಿಗೆ ಲಾರಿ ಬಾರದೆ ಹೆಂಡತಿಯೂ ಮನೆಯಲ್ಲಿದ್ದಳು, ಒಳಗೆ ಟೀ ಕಾಯಿಸುತ್ತಿದ್ದಳು.

"ಯಜಮಾನ್ರೇ, ನೀವು ಇದಕ್ಕೆ ಬರೋಕೆ ಕಾರಣ ಏನು?" ಎಂದು ಹುಡುಗಿ ಕೇಳಿದಳು. "ಬೆಲೆನಾ, ಆರೋಗ್ಯಾನಾ, ಯಾರನ್ನಾದ್ರೂ ನೋಡಿ ಬಂದ್ರಾ?"

"ಮಣ್ಣಿಗೆ ಒಳ್ಳೇದಮ್ಮ."

"ಎಲ್ಲರೂ ಅದನ್ನೇ ಹೇಳ್ತಾರೆ. ನಾವು ಕೇಳೋಕೆ ಬರ್ತೀವಿ ಅಂತ ಹಾಗೆ ಹೇಳ್ತಾರೇನೋ ಅನ್ಸುತ್ತೆ. ಬೇರೆ ಏನಾದ್ರೂ ಇದ್ಯಾ?"

ಹುಲ್ಲಪ್ಪ ಅಡಿಗೆಮನೆಯ ಕಡೆ ನೋಡಿದ. ಲೋಟಗಳ ಸದ್ದು ನಿಂತಿತ್ತು. "ಬೇರೇನಿಲ್ಲ" ಎಂದ.

ಹುಡುಗಿ ಹೊಲ ಸುತ್ತಿದಳು, ಮಣ್ಣು ಹಿಡಿದು ಮೂಸಿದಳು, ಎರೆಹುಳು ಕಂಡು ಖುಷಿಪಟ್ಟಳು. ಹೊರಡುವಾಗ, ಹತ್ತು ಹನ್ನೆರಡು ದಿನ ಬಿಟ್ಟು ಬೇರೆ ಊರುಗಳ ರೈತರನ್ನು ಕರೆದುಕೊಂಡು ಬರಬಹುದೇ, ಅವರಿಗೆ ನಿಮ್ಮ ಹೊಲ ತೋರಿಸಬೇಕು ಎಂದಳು.

"ಎಷ್ಟು ಜನ?"

"ಒಂದು ಬಸ್ಸು. ಅರ್ಧ ಗಂಟೆ ಇದ್ದು ಹೊರಡ್ತೀವಿ."

"ಅರ್ಧ ಗಂಟೆ ಅಷ್ಟೇನಾ?" ಎಂದ ಹುಲ್ಲಪ್ಪ. ಹುಡುಗಿಗೆ ನಗು ಬಂತು.

ಅಂದಿನಿಂದ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬಂದವರು ಎಲ್ಲಿ ಕೂರಬೇಕು, ಯಾವ ಸಾಲು ಮೊದಲು ತೋರಿಸಬೇಕು, ಎಲ್ಲ ಯೋಚನೆ. ಊಟಕ್ಕೆ ಕೂತರೆ ಅದೇ ಮಾತು. ಮನೆಯವರಿಗೂ ಹೆಮ್ಮೆ ಆಗದೆ ಇರಲಿಲ್ಲ. ಆದರೆ ಅರ್ಧ ಹೊಲದಲ್ಲಿ ಹುಲ್ಲು ಹಾಗೆಯೇ ಇತ್ತು. ಅಷ್ಟರಲ್ಲಿ ಅವನ ಅಕ್ಕನ ಊರಿಂದ ಫೋನು ಬಂತು, ಭಾವ ಬಿದ್ದು ಸೊಂಟ ಮುರಿದುಕೊಂಡಿದ್ದಾನೆ, ಆಸ್ಪತ್ರೆಯಲ್ಲಿ ಜೊತೆಗಿರಲು ಗಂಡಸು ಬೇಕು ಎಂದು. ಹೋಗದೆ ವಿಧಿಯಿಲ್ಲ. ಮೂರು ದಿನ ಅಲ್ಲಿದ್ದು ಬಂದ.

ಬಂದಾಗ ಮನೆಯಲ್ಲಿ ಉಪಚಾರ ಜೋರಾಗಿತ್ತು. ಹೆಂಡತಿ ಕೇಳದೆಯೇ ಮೊಟ್ಟೆ ಹುರಿದು ಬಡಿಸಿದಳು. ಮಗ ಮಂಡಿಗೆ ಹಚ್ಚಲು ಎಣ್ಣೆ ತಂದಿದ್ದ. "ಇವತ್ತು ಹೊಲಕ್ಕೆ ಹೋಗ್ಬೇಡಿ ಮಾವ, ಮುಖ ನೋಡಿ ಎಷ್ಟು ಸೋತಿದೆ" ಎಂದಳು ಸೊಸೆ. ನನ್ನ ಮೇಲೂ ಇವರಿಗೆ ಅಕ್ಕರೆ ಇದೆ ಎಂದು ಹುಲ್ಲಪ್ಪ ಕರಗಿಹೋದ. ಆ ದಿನ ಹೋಗಲೇ ಇಲ್ಲ.

ಮರುದಿನ ಹೋದಾಗ ಹುಲ್ಲಿನ ತುದಿ ಬಿಳಚಿಕೊಂಡಂತೆ ಕಂಡಿತು. ನೀರು ಸಾಲದು ಎಂದುಕೊಂಡು ನೀರು ಬಿಟ್ಟ. ಅದರ ಮರುದಿನ ಹುಲ್ಲು ಹಳದಿಯಾಗಿತ್ತು. ನೀರಿಲ್ಲದ ಹುಲ್ಲು ಅಲ್ಲೊಂದು ಇಲ್ಲೊಂದು ಒಣಗುತ್ತದೆ, ಹೀಗೆ ದಾರ ಹಿಡಿದು ಎಳೆದಂತೆ ಒಂದು ಗೆರೆಯವರೆಗೆ ಹಳದಿ, ಆಚೆಗೆ ಹಸಿರು ಆಗುವುದಿಲ್ಲ. ಬದುವಿನ ಹತ್ತಿರ ಕೋಸಿನ ಹೊರ ಎಲೆಗಳೂ ಮುರುಟಿದ್ದವು. ವರ್ಷಗಟ್ಟಲೆ ಔಷಧಿ ಹೊಡೆದವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಔಷಧಿ ಹೊಡೆಯದ ಹೊಲ ನೋಡಲು ಜನ ಬರುತ್ತಾರೆಂದು ಮನೆಯವರು ಔಷಧಿ ಹೊಡೆದು ಹೊಲ ಚೊಕ್ಕಟ ಮಾಡಿದ್ದರು.

ಅಲ್ಲಿಂದಲೇ ಕಚೇರಿಯ ಹುಡುಗಿಗೆ ಫೋನು ಮಾಡಿದ. "ಬರಬೇಡೀಮ್ಮ."

"ಯಾಕೆ ಯಜಮಾನ್ರೇ?"

"ಹೊಲಕ್ಕೆ ಔಷಧಿ ಬಿದ್ದಿದೆ."

"ಯಾರು ಹೊಡೆದ್ರು?"

"ನಮ್ಮವರೇ."

ಬೇರೆ ಊರಿನ ಹೊಲಕ್ಕೆ ಹೋಗುತ್ತೇವೆ, ಮುಂದಿನ ಸಲ ನೋಡೋಣ ಎಂದಳು. ಬಯ್ಯಲಿಲ್ಲ. ಬೈದಿದ್ದರೆ ಇನ್ನೆರಡು ಮಾತಾದರೂ ಆಡಿದಂತಾಗುತ್ತಿತ್ತು.

ಆ ಸಂಜೆ ಊಟಕ್ಕೆ ಕೂತಾಗ ಅವನು ತಟ್ಟೆ ಮುಟ್ಟಲಿಲ್ಲ.

"ಯಾರು ಹೊಡೆದಿದ್ದು?"

ಮಗ ತಾಯಿಯ ಮುಖ ನೋಡಿದ. "ನಾನೇ ಅಪ್ಪ. ಒಣಗಿದ ಮೇಲೆ ಬಾಚಿ ಹಾಕೋಣ ಅಂತಿದ್ದೆ. ಅಷ್ಟು ಜನ ಬಂದು ಹುಲ್ಲು ನೋಡಿ ನಗಬಾರದಲ್ಲ? ಗಿಡಕ್ಕೆ ತಾಗದ ಹಾಗೆ ಹುಷಾರಾಗೇ ಹೊಡೆದೆ."

"ಅವನನ್ನ ಅನ್ಬೇಡಿ, ಹೇಳಿದ್ದು ನಾನು" ಎಂದಳು ಹೆಂಡತಿ. "ನೀವು ಅಲ್ಲಿ ಸಾಲಲ್ಲಿ ತೆವಳೋದು ನೋಡೋಕಾಗಲ್ಲ ನನಗೆ."

"ಒಬ್ಬನೇ ತೆವಳಬೇಕು ಅಂತ ನಾನೂ ಅಂದ್ಕೊಂಡಿರಲಿಲ್ಲ."

"ಮತ್ತಿನ್ನೇನು ಅಂದ್ಕೊಂಡಿದ್ರಿ?"

"ಹುಲ್ಲು ಬಂದ್ರೆ ನೀವೂ ಬರ್ತೀರ ಅಂದ್ಕೊಂಡೆ. ಅದಕ್ಕೇ ಔಷಧಿ ಬಿಟ್ಟೆ."

ಸೊಸೆ ನೀರು ಬಗ್ಗಿಸುತ್ತಿದ್ದವಳು ಚೊಂಬನ್ನು ಕೆಳಗಿಟ್ಟಳು. "ಆ ಹುಡುಗಿಗೆ ಮಣ್ಣಿಗೆ ಒಳ್ಳೇದು ಅಂದ್ರಂತಲ್ಲ ಮಾವ?"

"ಒಳ್ಳೇದೇನೋ ಹೌದು. ಅದು ನನಗೆ ಆಮೇಲೆ ಗೊತ್ತಾಯ್ತು."

ಹೆಂಡತಿ ಅವನನ್ನೇ ನೋಡಿದಳು. "ನಮ್ಮನ್ನ ಕರೆಸ್ಕೊಳ್ಳೋಕೆ ಹುಲ್ಲು ಬೆಳೆಸಿದ್ರಾ? ಬಾಯಿಬಿಟ್ಟು ಬಾ ಅಂದಿದ್ರೆ ಮುತ್ತು ಉದುರ್ತಿತ್ತಾ?"

"ಅಂದಿದ್ರೆ ಬರ್ತಿದ್ದೆಯಾ?"

"ಪಂಪು ತಂದ ದಿನ ಅಂದಿದ್ರೆ ಬರ್ತಿದ್ದೆ." ಅವಳ ದನಿ ಏರಲಿಲ್ಲ, ಇಳಿಯಿತು. "ಬೆನ್ನು ನೋವು ಅಂದೆ, ನಿಜ. ನೋವು ಅಂದವಳಿಗೆ ನಿಧಾನವಾಗಿ ಮಾಡು ಅಂತಾರೆ, ಇನ್ನು ಬೇಡ ಅಂತಾರಾ? ನಾನು ಬದುವಿನ ಮೇಲೆ ನಿಂತಿದ್ದೆ. ನೀವು ಆ ತುದಿಯಿಂದ ಈ ತುದಿಗೆ ಓಡಾಡಿದ್ರಿ, ಒಂದು ಸಲ ತಿರುಗಿ ನೋಡಲಿಲ್ಲ. ಅಷ್ಟು ವರ್ಷ ನಾನು ಮಾಡಿದ ಕೆಲಸ ಒಂದು ಬಾಟ್ಲಿ ಮಾಡ್ತು. ಆಮೇಲೆ ಮನೇಲಿ ಗೋಡೆ ನೋಡ್ಕೊಂಡು ಕೂತಿರ್ತಿದ್ದೆ. ತಡೆಯೋಕಾಗದೆ ಶೆಡ್ಡಿಗೆ ಹೋದೆ. ದುಡ್ಡಿಗೆ ಹೋದಳು ಅಂತ ಊರೆಲ್ಲ ಅಂದ್ಕೊಳ್ತು, ನೀವೂ ಅಂದ್ಕೊಂಡ್ರಿ."

"ನಿನಗೆ ಸುಖ ಆಗಲಿ ಅಂತ ತಂದಿದ್ದು" ಎಂದ ಹುಲ್ಲಪ್ಪ.

"ನಾವೂ ನಿಮಗೆ ಸುಖ ಆಗಲಿ ಅಂತಾನೇ ಹೊಡೆಸಿದ್ದು."

ಮಗ ಎದ್ದು ಕೈ ತೊಳೆಯಲು ಹೋದ. ಅವನ ತಟ್ಟೆಯಲ್ಲಿ ಅರ್ಧ ರೊಟ್ಟಿ ಹಾಗೆಯೇ ಇತ್ತು. ಹೆಂಡತಿ ತಟ್ಟೆಗಳನ್ನು ಒಂದರ ಮೇಲೊಂದು ಇಡುತ್ತಾ ಮತ್ತೆ ಹೇಳಿದಳು: "ಈಗ ಶೆಡ್ಡು ಬಿಟ್ಟು ಬಾ ಅಂದ್ರೆ ಬರೋಕಾಗಲ್ಲ. ಮನೆ ನಡೆಯೋದೂ ಅದರಿಂದ. ಅಲ್ಲಿ ನನ್ನ ಪಕ್ಕ ಕೂರೋರು ಇದ್ದಾರೆ. ಅವರನ್ನ ಬಿಟ್ಟಿರೋಕೆ ನನಗಾಗಲ್ಲ."

ಬಸ್ಸು ಬರಬೇಕಾಗಿದ್ದ ದಿನ ಬಂತು, ಹೋಯಿತು. ಹುಲ್ಲಪ್ಪ ಸತ್ತ ಹುಲ್ಲನ್ನು ಒಬ್ಬನೇ ಬಾಚಿ ಬದುವಿನಾಚೆ ರಾಶಿ ಹಾಕಿದ. ಮನೆಯಲ್ಲಿ ಮಾತು ಕಡಿಮೆಯಾಯಿತು. ಮಗ ಒಂದು ಭಾನುವಾರ ತಾನಾಗಿ ಹೊಲಕ್ಕೆ ಬಂದು, ಮಧ್ಯಾಹ್ನದವರೆಗೆ ತುಟಿ ಬಿಚ್ಚದೆ ಕೆಲಸ ಮಾಡಿ ಹೋದ. ತಪ್ಪು ಮಾಡಿದವನು ದಂಡ ಕಟ್ಟಿದ ಹಾಗಿತ್ತು ಅದು. ಹುಲ್ಲಪ್ಪನಿಗೆ ಅದಕ್ಕಿಂತ ಒಬ್ಬನೇ ಇರುವುದೇ ಮೇಲು ಅನ್ನಿಸಿತು.

ಒಂದು ಸಂಜೆ ಏನಾಯಿತೋ, ಕೈಕಾಲು ತೊಳೆದು, ಮಡಿಚಿಟ್ಟ ಅಂಗಿ ಹಾಕಿಕೊಂಡು ಶೆಡ್ಡಿನ ಕಡೆ ನಡೆದ. ಅವಳು ಹೊಲಕ್ಕೆ ಬರಲಾಗದಿದ್ದರೆ ನಾನೇ ಹೋಗಿ ಕರೆದುಕೊಂಡು ಬರುತ್ತೇನೆ, ದಾರಿಯುದ್ದಕ್ಕೂ ಮಾತಾಡಬಹುದು ಎಂಬ ಯೋಚನೆ. ಅಷ್ಟು ವರ್ಷದಲ್ಲಿ ಆ ಗೇಟಿನವರೆಗೆ ಅವನು ಹೋದವನೇ ಅಲ್ಲ. ತಗಡಿನ ದೊಡ್ಡ ಶೆಡ್ಡು, ಮುಂದೆ ಪ್ಲಾಸ್ಟಿಕ್ ಕ್ರೇಟುಗಳ ಗುಡ್ಡ, ಹಿಂದೆ ಕೊಳೆತ ತರಕಾರಿಯ ಹುಳಿ ವಾಸನೆ. ಬೆಲ್ಲು ಹೊಡೆದು ಹೆಂಗಸರು ಗುಂಪಾಗಿ ಹೊರಬಂದರು. ನಡುವೆ ಅವಳು. ಸೊಂಟದ ಮೇಲೆ ಕೈ ಇಟ್ಟು, ಹೊಟ್ಟೆ ಮುಂದೆ ಮಾಡಿ, ಮೂಗಿನಲ್ಲಿ ಮಾತಾಡುತ್ತಾ ಶೆಡ್ಡಿನ ಮೇಸ್ತ್ರಿಯ ಹಾಗೆ ನಡೆದು ತೋರಿಸುತ್ತಿದ್ದಳು. ಉಳಿದವರು ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರು, ಕೊನೆಗೆ ಅವಳೂ ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

ತನ್ನ ಹೆಂಡತಿಗೆ ಹೀಗೆ ಅಣಕಿಸಿ ತೋರಿಸಲು ಬರುತ್ತದೆ ಎಂದು ಹುಲ್ಲಪ್ಪನಿಗೆ ಗೊತ್ತೇ ಇರಲಿಲ್ಲ. ಈಗ ಅವನು ಮುಂದೆ ಹೋದರೆ ನಗು ನಿಲ್ಲುತ್ತದೆ. ಯಾರೋ ತೀರಿಕೊಂಡರೇನೋ ಎಂದು ಎಲ್ಲರೂ ಅವನ ಮುಖ ನೋಡುತ್ತಾರೆ. ಅವನು ಕ್ರೇಟುಗಳ ಹಿಂದೆ ಸರಿದು ನಿಂತ. ಅವರು ದಾಟಿಹೋದ ಮೇಲೆ ಕಾಲುವೆ ಬದಿಯ ಸುತ್ತುದಾರಿ ಹಿಡಿದು ಮನೆ ಸೇರಿದ. ಆ ದಾರಿಯಲ್ಲಿ ಅವನು ಅತ್ತದ್ದು ನಿಜ. ನೋಡಿದವರು ಯಾರೂ ಇರಲಿಲ್ಲ.

ಎರಡು ದಿನ ಬಿಟ್ಟು, ಬೆಳಗ್ಗೆ ಡಬ್ಬಿಗೆ ರೊಟ್ಟಿ ತುಂಬುತ್ತಾ ಹೆಂಡತಿ ಕೇಳಿದಳು.

"ಶೆಡ್ಡಿನ ಹತ್ತಿರ ಬಂದಿದ್ರಂತೆ?"

"ಯಾರು ಹೇಳಿದ್ದು?"

"ಕಾವಲಿನವನು. ಕ್ರೇಟಿನ ಹಿಂದೆ ನಿಂತಿದ್ರಂತೆ, ಕಳ್ಳನ ಹಾಗೆ."

ಹುಲ್ಲಪ್ಪ ಲೋಟದೊಳಗೆ ನೋಡಿದ. "ಅಲ್ಲಿ ಕೊಳೆತ ತರಕಾರಿ ಬಿಸಾಡ್ತಾರಲ್ಲ, ಗೊಬ್ಬರಕ್ಕೆ ಕೊಡ್ತಾರೇನೋ ಕೇಳೋಣ ಅಂತ ಬಂದೆ. ಗುಂಡಿ ಖಾಲಿ ಇದೆ."

"ಕೇಳಿದ್ರಾ?"

"ಇಲ್ಲ."

"ಮತ್ತೆ ನಿಂತು ಏನು ಮಾಡ್ತಿದ್ರಿ?"

ಅವಳು ಡಬ್ಬಿಯ ಮುಚ್ಚಳ ಹಾಕಿದಳು, ಸರಿಯಾಗಿ ಕೂರಲಿಲ್ಲವೆಂದು ತೆಗೆದು ಮತ್ತೆ ಹಾಕಿದಳು. ಅವನು ಹೇಳಿದ್ದನ್ನು ಅವಳು ನಂಬಿದಳೋ ಇಲ್ಲವೋ ದೇವರೇ ಬಲ್ಲ.

"ನಾನು ಕೇಳ್ತೀನಿ" ಎಂದು ಹೇಳಿ ಹೊರಟುಹೋದಳು.

ಆ ಸಂಜೆ ಅವನು ಹೊಲದಲ್ಲೇ ಇದ್ದ. ಔಷಧಿ ತಿಂದ ಅರ್ಧದಲ್ಲಿ ಆಗಲೇ ಸೂಜಿಯಷ್ಟು ಹೊಸ ಹುಲ್ಲು ಏಳುತ್ತಿತ್ತು. ಮತ್ತೆ ಪಂಪು ಇಳಿಸುವುದೋ, ಮತ್ತೆ ಕೂತು ಕೀಳುವುದೋ ಎಂದು ಬೆಳಗ್ಗಿಂದ ತನ್ನನ್ನೇ ಕೇಳಿಕೊಂಡು ಉತ್ತರ ಸಿಗದೆ, ಕೈ ಸುಮ್ಮನಿರದ್ದಕ್ಕೆ ಕೀಳುತ್ತಾ ಇದ್ದ. ಕಾಲುವೆಯ ಕಡೆಯಿಂದ ಯಾರೋ ಬರುವುದು ಕಂಡಿತು. ತಲೆಯ ಮೇಲೆ ಗೋಣಿಚೀಲ, ಒಂದು ಕೈ ಮೇಲೆ, ಒಂದು ಕೈ ಸೊಂಟದ ಮೇಲೆ. ಹತ್ತಿರ ಬಂದ ಮೇಲೆ ಹೆಂಡತಿ ಎಂದು ತಿಳಿಯಿತು.

ಅವಳು ಬದುವಿನ ಮೇಲೆ ಚೀಲ ಕೆಡವಿದಳು. ಒಳಗೆ ಕೋಸಿನ ಹೊರ ಎಲೆ, ಒಡೆದ ಟೊಮೇಟೊ, ಬಲಿತ ಹುರುಳಿಕಾಯಿ. ಕೊಳೆತ ರಸ ಇಳಿದು ಹೆಗಲೆಲ್ಲ ಒದ್ದೆಯಾಗಿತ್ತು.

"ಎಷ್ಟು ಬೇಕಾದ್ರೂ ತಗೊಂಡು ಹೋಗು ಅಂದ್ರು. ಅವರಿಗೂ ಬಿಸಾಡೋ ಕೆಲಸ ತಪ್ಪುತ್ತೆ" ಎಂದಳು.

ಇಬ್ಬರೂ ಸೇರಿ ಗುಂಡಿಗೆ ಸುರಿದರು. ಅವನು ಮಣ್ಣು ಎಳೆದ, ಅವಳು ಕಾಲಿನಿಂದ ತುಳಿದಳು. ಆಮೇಲೆ ಅವಳು ಬದುವಿನ ಮೇಲೆ ಕೂತು ಕುತ್ತಿಗೆ ಒತ್ತಿಕೊಂಡಳು. ಮೇಸ್ತ್ರಿ ಗೋಣಿ ಕೊಡಲು ಎಷ್ಟು ಸತಾಯಿಸಿದ ಎಂದು ಹೇಳಿದಳು. ಅವನು ಹೂಂಗುಟ್ಟಿದ. ಬಿಸಿಲು ಇಳಿಯುತ್ತಿತ್ತು. ಮನೆಗೆ ಹೋಗಿ ಅಡಿಗೆ ನೋಡಬೇಕು ಎಂದಳು, ಆದರೂ ಏಳಲಿಲ್ಲ.

"ತುಂಬಾ ಭಾರ" ಎಂದಳು ಖಾಲಿ ಚೀಲ ಮಡಿಸುತ್ತಾ. "ನೋಡಿ, ಬೆನ್ನು ಹಿಡ್ಕೊಂಡಿದೆ."

ನೀನು ಹೊರಬೇಡ, ನಾಳೆಯಿಂದ ನಾನೇ ಸೈಕಲ್ಲಿನಲ್ಲಿ ಹೋಗಿ ತರುತ್ತೇನೆ. ಮಾತು ಹುಲ್ಲಪ್ಪನ ನಾಲಿಗೆಯ ತುದಿಗೆ ಬಂದಿತ್ತು. ಅವನು ಅದನ್ನು ನುಂಗಿಕೊಂಡ.

"ನಾಳೆನೂ ತಾ" ಎಂದ.